ಸೋಲಾರ್ ಮನೆಗೆ ಬ್ಯಾಟರಿ ಮೊದಲು, ಗಾಳಿಯಂತ್ರ ಆಮೇಲೆ

2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ತಾರಸಿಗೆ ಪ್ಯಾನೆಲ್ ಹಾಕಿಸುವವರು ಹೆಚ್ಚಿದ್ದಾರೆ. 3 ಕಿಲೋವ್ಯಾಟ್‌ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ, ಬಿಲ್ಲೂ ಇಳಿಯುತ್ತದೆ. ಆದರೆ ರಣಬಿಸಿಲಿನ ಮಧ್ಯಾಹ್ನ ಕರೆಂಟು ಹೋದರೆ ಈ ಮನೆಗಳ ಫ್ಯಾನೂ ನಿಂತುಬಿಡುತ್ತದೆ. ಇದು ಯಂತ್ರದ ದೋಷವಲ್ಲ. ಆನ್‌ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ವಿದ್ಯುತ್ ಇಲ್ಲವೆಂದು ಗೊತ್ತಾದ ಕೂಡಲೇ ತಾನೂ ಆಫ್ ಆಗಬೇಕು; ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟೇ ಹೊಡೆಯುತ್ತದೆ. ಬಿಸಿಲಿದ್ದೂ ಫ್ಯಾನು ನಿಂತದ್ದನ್ನು ಕಂಡವರಿಗೆ ಎರಡು ಯೋಚನೆ ಒಟ್ಟಿಗೇ ಬರುತ್ತವೆ: ಒಂದು ಬ್ಯಾಟರಿ ಹಾಕಿಸೋಣ, ರಾತ್ರಿಗೂ ಮಳೆಗಾಲಕ್ಕೂ ಒಂದು ಪುಟ್ಟ ಗಾಳಿಯಂತ್ರ ನಿಲ್ಲಿಸೋಣ. ಮೊದಲನೆಯದು ಬಹುತೇಕ ಮನೆಗಳಿಗೆ ಒಪ್ಪುವ ಯೋಚನೆ. ಎರಡನೆಯದು ಕೆಲವೇ ಮನೆಗಳಿಗೆ ಒಪ್ಪುತ್ತದೆ, ಅದೂ ಅಳತೆ ಮಾಡಿ ನೋಡಿದ ಮೇಲೆ.

ಬ್ಯಾಟರಿಯ ಲೆಕ್ಕ ಅಂಗಡಿಯಲ್ಲಲ್ಲ, ಮನೆಯ ಸ್ವಿಚ್‌ಬೋರ್ಡಿನ ಮುಂದೆ ಶುರುವಾಗಬೇಕು. ಕರೆಂಟಿಲ್ಲದ ಒಂದು ರಾತ್ರಿಗೆ ಏನೇನು ನಡೆಯಲೇಬೇಕು ಎಂದು ಬರೆದುಕೊಳ್ಳಿ. 9 ವ್ಯಾಟಿನ ಆರು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 270 ವ್ಯಾಟ್-ಅವರ್. 75 ವ್ಯಾಟಿನ ಎರಡು ಹಳೆಯ ಫ್ಯಾನು ಎಂಟು ಗಂಟೆ ತಿರುಗಿದರೆ 1,200. ಟಿವಿ, ವೈಫೈ, ಫ್ರಿಜ್ಜು ಸೇರಿ ಎಂಟುನೂರೈವತ್ತರ ಹತ್ತಿರ. ಒಟ್ಟು ಸುಮಾರು 2.3 ಯೂನಿಟ್. ಅದೇ ಎರಡು ಫ್ಯಾನುಗಳ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಲೆಕ್ಕ 1.6 ಯೂನಿಟ್‌ಗೆ ಇಳಿಯುತ್ತದೆ. ಬ್ಯಾಟರಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಮೊದಲು ಫ್ಯಾನಿಗೆ ಖರ್ಚು ಮಾಡುವುದು ಜಾಣತನ. ನೀರೆತ್ತುವ ಮೋಟಾರು, ಗೀಸರ್, ಇಸ್ತ್ರಿಪೆಟ್ಟಿಗೆ ಈ ಪಟ್ಟಿಗೆ ಬರಲೇಬಾರದು. ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದೊಂದಕ್ಕಾಗಿ ಇನ್ವರ್ಟರನ್ನು ದೊಡ್ಡದು ಮಾಡಬೇಕಾಗುತ್ತದೆ.

ಈ ಪಟ್ಟಿ ಕೈಯಲ್ಲಿದ್ದರೆ ಬ್ಯಾಟರಿಯ ಆಯ್ಕೆ ಸುಲಭ. ಮನೆಮನೆಯಲ್ಲಿರುವ 12 ವೋಲ್ಟಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ, ಬಾಳಿಕೆ ಬರಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು. ಅಂದರೆ 1.6 ಯೂನಿಟ್‌ನ ರಾತ್ರಿಗೆ ಎರಡು ಬೇಕು, ಅವೂ ಅಷ್ಟಕ್ಕಷ್ಟೆ. 51.2 ವೋಲ್ಟಿನ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 5 ಯೂನಿಟ್ ಇರುತ್ತದೆ, 4 ಯೂನಿಟ್ ಧಾರಾಳವಾಗಿ ಬಳಸಬಹುದು. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ, ಸಾವಿರಾರು ಸಲ ಚಾರ್ಜ್ ಆಗುವ ತಾಕತ್ತಿದೆ. ಬೆಲೆ ಹೆಚ್ಚೆಂಬ ಆಕ್ಷೇಪ ನಿಜ. ಆದರೆ ಕರೆಂಟು ಅಪರೂಪಕ್ಕೆ ಹೋಗುವ ಊರಿನವರಿಗೆ ಮಾತ್ರ ಟ್ಯೂಬ್ಯುಲರ್ ಅಗ್ಗ. ದಿನಾ ಖಾಲಿಯಾಗಿ ದಿನಾ ತುಂಬಬೇಕಾದ ಕಡೆ ಲಿಥಿಯಮ್ಮೇ ಕೊನೆಗೆ ಅಗ್ಗವಾಗುತ್ತದೆ. ಹಳೆಯ ಬ್ಯಾಟರಿಗೆ ಹೊಸದನ್ನು ಜೋಡಿಸುವ, ಟ್ಯೂಬ್ಯುಲರ್ ಜೊತೆ ಲಿಥಿಯಂ ಸೇರಿಸುವ ಸಾಹಸ ಬೇಡ.

ಜೋಡಿಸುವುದಕ್ಕೆ ದಾರಿ ಎರಡು. ಈಗಿರುವ ಇನ್ವರ್ಟರನ್ನು ತೆಗೆದು ಹೈಬ್ರಿಡ್ ಇನ್ವರ್ಟರ್ ಹಾಕುವುದು ಒಂದು. ಇರುವುದನ್ನು ಹಾಗೇ ಬಿಟ್ಟು, ಅದಕ್ಕೆ ಹೊಂದುವ ಬ್ಯಾಟರಿ ಇನ್ವರ್ಟರನ್ನು ಪಕ್ಕದಲ್ಲಿ ಸೇರಿಸುವುದು ಇನ್ನೊಂದು. ಹಳೆಯದು ವಾರಂಟಿಯಲ್ಲಿದ್ದರೆ ಎರಡನೆಯದೇ ಲೇಸು. ಎರಡರಲ್ಲೂ ಅಗತ್ಯದ ಲೈನುಗಳಿಗೆ ಬೇರೆ ಡಿಬಿ, ಬೇರೆ ಎಂಸಿಬಿ ಇರಬೇಕು, ಹೊರಗಿನ ಲೈನಿಗೆ ಕರೆಂಟು ಹಿಮ್ಮುಖವಾಗಿ ಹರಿಯದ ಏರ್ಪಾಡಿರಬೇಕು. ನೆಟ್ ಮೀಟರಿಂಗ್ ಕರಾರಿನಲ್ಲಿ ಬರೆದ ಇನ್ವರ್ಟರ್ ಬದಲಾಗುವುದಾದರೆ ಎಸ್ಕಾಂ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಬ್ಯಾಟರಿಯಿಂದ ಬಿಲ್ಲು ಇನ್ನಷ್ಟು ಉಳಿದೀತು ಎಂಬ ಲೆಕ್ಕಾಚಾರವನ್ನು ಮಾತ್ರ ಬಿಟ್ಟುಬಿಡಿ. ನೆಟ್ ಮೀಟರ್ ಇದ್ದರೆ ಹಗಲಿನ ಹೆಚ್ಚುವರಿ ಯೂನಿಟ್ ಹೇಗೂ ಖಾತೆಗೆ ಜಮೆಯಾಗುತ್ತದೆ. ಬ್ಯಾಟರಿಗೆ ಹೋಗಿ ಬರುವಾಗ ಅದರಲ್ಲೊಂದಿಷ್ಟು ಸೋರಿಹೋಗುತ್ತದೆ. ಬ್ಯಾಟರಿ ಬೇಕಾಗಿರುವುದು ಕರೆಂಟು ಹೋದ ಹೊತ್ತಿಗೆ.

ಇನ್ನು ಗಾಳಿ. ಇದರ ಪರವಾದ ವಾದ ಹಗುರವಾದದ್ದೇನಲ್ಲ. ಮೋಡ ಕವಿದು ಪ್ಯಾನೆಲ್ ಸೊರಗುವ ತಿಂಗಳುಗಳಲ್ಲೇ ಆಷಾಢದ ಗಾಳಿ ಬೀಸುತ್ತದೆ, ರಾತ್ರಿಯೂ ಬೀಸುತ್ತದೆ. ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತ ಯಂತ್ರಗಳು ತಿರುಗುತ್ತಲೇ ಇವೆ. ಹಾಗಿದ್ದಮೇಲೆ ನಮ್ಮ ತಾರಸಿಯಲ್ಲೇಕೆ ಆಗದು? ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂಬುದರಲ್ಲಿ ಉತ್ತರವಿದೆ. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲೊಂದು ಪಾಲು. ಡಬ್ಬದ ಮೇಲೆ 1 ಕಿಲೋವ್ಯಾಟ್ ಎಂದು ಅಚ್ಚಾಗಿರುವುದು ಸಾಮಾನ್ಯವಾಗಿ ಸೆಕೆಂಡಿಗೆ 11-12 ಮೀಟರ್, ಅಂದರೆ ಗಂಟೆಗೆ ನಲವತ್ತು ಕಿಲೋಮೀಟರ್ ಆಸುಪಾಸಿನ ಗಾಳಿಗೆ. 6 ಮೀಟರ್ ಗಾಳಿಗೆ ಅದು ಕೊಡುವುದು ಸುಮಾರು 125 ವ್ಯಾಟ್. 3 ಮೀಟರ್ ಗಾಳಿಗೆ ರೆಕ್ಕೆ ಸುಮ್ಮನೆ ತಿರುಗುತ್ತದೆ, ಅಷ್ಟೆ. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ನಡುನಡುವೆ ಬಿರುಸಾಗುತ್ತದೆ ಎಂಬುದೂ ನಿಜವೇ. ಅದಕ್ಕಾಗಿ ಲೆಕ್ಕವನ್ನು ದುಪ್ಪಟ್ಟು ಮಾಡಿದರೂ, ಸರಾಸರಿ 4 ಮೀಟರ್ ಗಾಳಿಯ ಜಾಗದಲ್ಲಿ ಈ ಯಂತ್ರ ದಿನಕ್ಕೆ ಎರಡು ಯೂನಿಟ್ ದಾಟದು. 1 ಕಿಲೋವ್ಯಾಟ್ ಪ್ಯಾನೆಲ್ ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮಳೆಗಾಲದ ಕೊರತೆ ನೀಗಬೇಕೆಂದರೆ ಬಹಳಷ್ಟು ಮನೆಗಳಿಗೆ ಇನ್ನೆರಡು ಪ್ಯಾನೆಲ್ ಸಾಕು.

ದೊಡ್ಡ ಯಂತ್ರಗಳಿಗೆ ಸಿಗುವುದು ಬೇರೆಯೇ ಗಾಳಿ. ಬಯಲು ನೆಲದಲ್ಲೂ 100 ಮೀಟರ್ ಎತ್ತರಕ್ಕಿಂತ 10 ಮೀಟರ್ ಎತ್ತರದಲ್ಲಿ ಗಾಳಿಯ ವೇಗ ಕಾಲುಭಾಗಕ್ಕೂ ಮಿಕ್ಕಿ ಕಡಿಮೆ. ಶಕ್ತಿ ಅರ್ಧಕ್ಕಿಂತಲೂ ಕೆಳಗೆ. ಊರೊಳಗೆ ನೀರಿನ ಟ್ಯಾಂಕು, ಪಕ್ಕದ ಮಹಡಿ, ತೆಂಗಿನಮರಗಳ ನಡುವೆ ನುಸುಳಿ ಬರುವ ಗಾಳಿ ಸುಳಿಸುಳಿಯಾಗಿ ರೆಕ್ಕೆಯನ್ನು ದಿಕ್ಕೆಡಿಸುತ್ತದೆ, ಬೇರಿಂಗ್ ಸವೆಸುತ್ತದೆ. ಸುತ್ತಲಿನ 150 ಮೀಟರ್‌ನಲ್ಲಿರುವ ಯಾವುದೇ ಮರ, ಕಟ್ಟಡಕ್ಕಿಂತ 9 ಮೀಟರ್ ಎತ್ತರದಲ್ಲಿ ಯಂತ್ರವಿರಬೇಕು ಎಂಬ ನಿಯಮ ಹುಟ್ಟಿದ್ದು ಇದೇ ಕಾರಣಕ್ಕೆ. ಪ್ಯಾರಾಪೆಟ್‌ಗೆ ಪೈಪು ಬಿಗಿದು ನಿಲ್ಲಿಸಿದರೆ ಕರೆಂಟಿಗಿಂತ ಅದುರಾಟವೇ ಜಾಸ್ತಿ, ಮಲಗುವ ಕೋಣೆಯವರೆಗೆ ಕೇಳಿಸುತ್ತದೆ.

ಹಾಗಾದರೆ ಯಾರಿಗೆ? ಗುಡ್ಡದ ನೆತ್ತಿಯಲ್ಲೋ ಬಟಾಬಯಲಿನಲ್ಲೋ ತೋಟದ ಮನೆ ಇರುವವರಿಗೆ, ಅದರಲ್ಲೂ ಲೈನು ತಲುಪದ ಕಡೆ. ಅಂಥವರು ಯಂತ್ರ ಕೊಳ್ಳುವ ಮುಂಚೆ, ಅದು ನಿಲ್ಲಬೇಕಾದ ಎತ್ತರದಲ್ಲೇ ಗಾಳಿಮಾಪಕ ಕಟ್ಟಿ ಒಂದು ವರ್ಷ ಅಳೆಯಲಿ. ಆಷಾಢದಲ್ಲಿ ಮಾತ್ರ ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಚೆನ್ನೈನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಗಾಳಿ ನಕ್ಷೆಗಳು ಸಿಗುತ್ತವಾದರೂ ಅವು ಬಹುತೇಕ ದೊಡ್ಡ ಯಂತ್ರಗಳ ಎತ್ತರದವು. ಮನೆಯ ಕಂಬಕ್ಕೆ ಹಾಗೇ ಅನ್ವಯಿಸುವುದಿಲ್ಲ. ವರ್ಷದ ಸರಾಸರಿ 5 ಮೀಟರ್ ಮುಟ್ಟಿದರೆ ಮುಂದುವರಿಯಬಹುದು. ಮಾರುವವರನ್ನು 4 ಮೀಟರಿಗೆ, 5 ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಕೇಳಿ, ಬರಹದಲ್ಲೇ ಪಡೆಯಿರಿ.

ಜೋಡಣೆಯಲ್ಲಿ ಒಂದು ಎಚ್ಚರ ಬಹಳ ಮುಖ್ಯ. ಬ್ಯಾಟರಿ ತುಂಬಿದಾಗ ಪ್ಯಾನೆಲ್ಲನ್ನು ಸರ್ಕ್ಯೂಟಿನಿಂದ ಬಿಡಿಸಿಟ್ಟರೂ ಏನೂ ಆಗದು. ಗಾಳಿಯಂತ್ರ ಹಾಗಲ್ಲ, ಲೋಡು ತಪ್ಪಿದ ಕೂಡಲೇ ಹುಚ್ಚುವೇಗದಲ್ಲಿ ತಿರುಗಿ, ವೋಲ್ಟೇಜ್ ಏರಿಸಿ ತನ್ನನ್ನೂ ಕಂಟ್ರೋಲರನ್ನೂ ಸುಡುತ್ತದೆ. ಲಿಥಿಯಂ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟು (ಬಿಎಂಎಸ್), ತುಂಬಿದೊಡನೆ ತಾನಾಗಿ ಸಂಪರ್ಕ ಕಡಿಯುವುದರಿಂದ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಹೆಚ್ಚುವರಿ ಕರೆಂಟನ್ನು ಶಾಖವಾಗಿ ಕಳೆಯುವ ಡಂಪ್ ಲೋಡ್ ಇರುವ ಗಾಳಿಯಂತ್ರದ್ದೇ ಕಂಟ್ರೋಲರ್ ಹಾಕಿಸಿ. ಹೈಬ್ರಿಡ್ ಇನ್ವರ್ಟರಿನಲ್ಲಿ ಪ್ಯಾನೆಲ್‌ಗಾಗಿ ಇಟ್ಟ ಜಾಗಕ್ಕೆ ಇದರ ವೈರ್ ಸಿಕ್ಕಿಸಬೇಡಿ. ಬ್ರೇಕ್ ಸ್ವಿಚ್ ಕೈಗೆಟುಕುವಲ್ಲಿರಲಿ, ಕಂಬಕ್ಕೆ ಸಿಡಿಲಿನ ಅರ್ಥಿಂಗ್ ಪ್ರತ್ಯೇಕವಿರಲಿ. ಬುಡದಲ್ಲಿ ಕೀಲಿಟ್ಟು ಮಲಗಿಸಬಹುದಾದ ಕಂಬವಾದರೆ ರಿಪೇರಿಗೆ ಯಾರೂ ಮೇಲೆ ಹತ್ತಬೇಕಾಗಿಲ್ಲ. ಅದರ ಬಿಗಿತಂತಿ, ಬೋಲ್ಟುಗಳನ್ನು ಮೇ ತಿಂಗಳಲ್ಲೇ, ಮಳೆಗಾಳಿ ಶುರುವಾಗುವ ಮುಂಚೆ, ಬ್ರೇಕ್ ಹಾಕಿ ಪರೀಕ್ಷಿಸಿ ಬಿಗಿ ಮಾಡಿಸಿ.