ಡೀಸೆಲ್ ಲಾರಿಯ ಗಾಳಿ ಹೀಟರ್: ಕಳಚುವ ಮುನ್ನ ತಿಳಿಯಬೇಕಾದ ಸಂಗತಿಗಳು

ಪಂಚಾಯಿತಿಯ ನೀರಿನ ಟ್ಯಾಂಕರ್ ಅಥವಾ ಕಸ ಸಾಗಿಸುವ ಲಾರಿಯ ದುರಸ್ತಿ ಬಿಲ್ಲಿನಲ್ಲಿ ‘ಹೀಟರ್ ತೆಗೆದದ್ದು’ ಎಂಬ ಬಾಬು ಕಂಡುಬಂದಾಗ, ಅದಕ್ಕೆ ಒಪ್ಪಿಗೆ ನೀಡುವ ಸದಸ್ಯರು ಆ ಬಿಡಿಭಾಗದ ಉಪಯೋಗವನ್ನು ಅರಿತಿರುವುದು ಅವಶ್ಯ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಆ ಶಾಖವನ್ನು ಲೋಹ ಹೀರಿಕೊಳ್ಳುವುದರಿಂದ ಲಾರಿ ಬೇಗ ಸ್ಟಾರ್ಟ್ ಆಗದು. ಪೂರ್ತಿ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಅನೇಕ ದೊಡ್ಡ ಎಂಜಿನ್ನುಗಳಲ್ಲಿ ಗಾಳಿ ಒಳಹೋಗುವ ದಾರಿಗೆ ವಿದ್ಯುತ್ ಹೀಟರ್ ಅಳವಡಿಸಿರುತ್ತಾರೆ. ಸಣ್ಣ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಸಿಲಿಂಡರಿಗೊಂದು ಗ್ಲೋ ಪ್ಲಗ್ ಇರುತ್ತದೆ. ಇವೆರಡೂ ಬೇರೆ ಬೇರೆ. ಬಿಲ್ಲಿನಲ್ಲಿ ಯಾವುದನ್ನು ನಮೂದಿಸಿದೆ ಎಂಬುದನ್ನು ನೋಡತಕ್ಕದ್ದು.

ರಾಜ್ಯದ ಬಯಲುಸೀಮೆಯಲ್ಲಿ ವರ್ಷದ ಬಹುಭಾಗ ಈ ಹೀಟರಿಗೆ ಕೆಲಸ ಕಡಿಮೆ. ‘ಇಲ್ಲಿ ಇದು ಯಾಕೆ ಬೇಕು ಸಾರ್’ ಎಂಬ ಮೆಕ್ಯಾನಿಕರ ಮಾತಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ಆದರೆ ಬೀದರ್ ಅಥವಾ ಕೊಡಗಿನ ಡಿಸೆಂಬರ್ ಮುಂಜಾವಿನಲ್ಲಿ ಆ ಮಾತು ನಿಲ್ಲದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ತಯಾರಕರ ಅನುಮತಿಯಿಲ್ಲದೆ ಇಂತಹ ಭಾಗವನ್ನು ತೆಗೆದರೆ ಎಚ್ಚರಿಕೆಯ ದೀಪ ಹೊತ್ತಬಹುದು, ವಾರಂಟಿಗೂ ತೊಡಕಾಗಬಹುದು.

ಆದರೂ ಹಾಳಾದ ಹೀಟರನ್ನು ಹಾಗೆಯೇ ಬಿಡುವಂತಿಲ್ಲ. ಅಮೆರಿಕದ ಕೆಲವು ಪಿಕಪ್ ಟ್ರಕ್ಕುಗಳಲ್ಲಿರುವ 6.7 ಲೀಟರ್ ಕಮಿನ್ಸ್ ಎಂಜಿನ್ನುಗಳಲ್ಲಿ ಹೀಟರಿಗೆ ವಿದ್ಯುತ್ ಒಯ್ಯುವ ಬೋಲ್ಟ್ ಕಾದು ಸವೆದು, ತುಂಡಾಗಿ ಸಿಲಿಂಡರಿನೊಳಗೆ ಬಿದ್ದು ಎಂಜಿನ್ನನ್ನೇ ಕೆಡಿಸಿದ ಪ್ರಸಂಗಗಳುಂಟು. ಒಂದು ಬೋಲ್ಟಿನ ಚೂರಿನಿಂದ ಇಡೀ ಎಂಜಿನ್ ಬಿಚ್ಚುವ ಖರ್ಚು! ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಮಾತ್ರ ಮೊದಲು ರಿಲೇಯನ್ನು ಪರೀಕ್ಷಿಸತಕ್ಕದ್ದು. ಅದು ಅಂಟಿಕೊಂಡರೂ ಹೀಟರ್ ಸುಮ್ಮನೆ ಕಾಯುತ್ತಲೇ ಇರುತ್ತದೆ.

ಕಳಚುವುದೇ ನಿರ್ಧಾರವಾದಲ್ಲಿ, ಎಂಜಿನ್ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಡಿಸಬೇಕು. ಸುತ್ತಲಿನ ಧೂಳನ್ನು ಒರೆಸಿದ ನಂತರವೇ ಗಾಳಿ ಕೊಳವೆಯ ಬೋಲ್ಟುಗಳನ್ನು ಬಿಚ್ಚತಕ್ಕದ್ದು. ಹೀಟರ್ ಹೊರಬಂದ ಕೂಡಲೇ ತೆರೆದ ಬಾಯಿಯನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಬೇಕು, ಬಿಚ್ಚಿದ ನಟ್ಟು-ಬೋಲ್ಟುಗಳನ್ನು ಎಣಿಸಿಡಬೇಕು. ಮರಳಿ ಜೋಡಿಸುವ ಮುನ್ನ ಆ ಬಟ್ಟೆ ಹೊರಬಂದಿದೆಯೇ ಎಂದು ನೋಡುವುದನ್ನು ಮರೆಯಲಾಗದು. ಹೀಟರಿದ್ದ ಜಾಗಕ್ಕೆ ಅದೇ ದಪ್ಪದ ತಟ್ಟೆ ಹಾಗೂ ಹೊಸ ಗ್ಯಾಸ್ಕೆಟ್ ಬೇಕು. ಇಲ್ಲವಾದರೆ ಗಾಳಿ ಸೋರಿ ಎಳೆತ ಕುಗ್ಗುತ್ತದೆ, ಕಪ್ಪು ಹೊಗೆ ಬರುತ್ತದೆ. ಹೀಟರಿನ ದಪ್ಪ ತಂತಿಗಳಲ್ಲಿ ಬಲವಾದ ವಿದ್ಯುತ್ ಹರಿಯುವುದರಿಂದ ಅವುಗಳನ್ನು ಜೋತಾಡಲು ಬಿಡದೆ ಮೂಲದಲ್ಲೇ ಬಿಡಿಸಿ, ತುದಿಗಳನ್ನು ಮುಚ್ಚಿ ಕಟ್ಟತಕ್ಕದ್ದು. ತುದಿ ಲೋಹಕ್ಕೆ ತಾಗಿದರೆ ಬೆಂಕಿಯ ಭಯವಿದೆ.

ಕಳಚಿದ ಹೀಟರ್ ಪಂಚಾಯಿತಿಯ ಸ್ವತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಅದನ್ನು ಗ್ಯಾರೇಜಿನಿಂದ ಹಿಂಪಡೆದು ದಾಸ್ತಾನು ವಹಿಯಲ್ಲಿ ದಾಖಲಿಸಿರುವರೇ ಎಂಬುದನ್ನು ಬಿಲ್ ಪಾವತಿಗೆ ಮೊದಲು ಸದಸ್ಯರು ಪರಿಶೀಲಿಸಬಹುದು.