ಬೆಳ್ಳಿಯ ಬಾಬತ್ತು

ತಿಂಗಳ ಮೊದಲನೆಯ ದಿನ ರಾತ್ರಿ, ಊಟ ಮುಗಿದು ಅಡುಗೆಮನೆಯ ದೀಪ ಆರಿದ ಮೇಲೆ, ನಡುಮನೆಯಲ್ಲಿ ಚಾಪೆ ಹಾಸಿ, ಹಿಂದಿನ ತಿಂಗಳ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು, ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಸಂಸಾರದ ಜಮಾಖರ್ಚನ್ನು ಬರೆದಿಡುವುದು ನಮ್ಮ ತಂದೆಯವರ ಕಾಲದಿಂದ ಮನೆಯಲ್ಲಿ ನಡೆದುಬಂದ ಪದ್ಧತಿ. ಮೈಸೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕಿಗನಾಗಿ ಜೀವಮಾನವನ್ನು ಕಳೆದ ನಾನು ಅನ್ಯರ ಲೆಕ್ಕಗಳನ್ನು ಎಷ್ಟು ಬರೆದಿದ್ದೇನೋ ಎಣಿಸಿಲ್ಲ. ಆದರೆ ಮನೆಯ ಆ ಪುಸ್ತಕದ ಪುಟಗಳನ್ನು ಮಾತ್ರ, ಈಚೆಗೆ, ಒಂದೊಂದಾಗಿ ಮಗುಚಿ ನೋಡಿದೆನು. 2011ರಿಂದ ಮೊದಲುಗೊಂಡು ಹನ್ನೆರಡು ವರ್ಷಗಳ ಪುಟಗಳಲ್ಲಿ ಬಲಭಾಗದ ಕೆಳಮೂಲೆಯಲ್ಲಿ ಅಂಗೈಯಗಲದ ಜಾಗ ಬಹುಮಟ್ಟಿಗೆ ಖಾಲಿಯಾಗಿದೆ. ಪುಸ್ತಕ ತೆರೆದೊಡನೆ ಎಲ್ಲಿದ್ದರೂ ಎದ್ದು ಬಂದು, ನನ್ನ ಮಗ್ಗುಲಲ್ಲಿ ಮಲಗಿ, ಬಲಗೈಯನ್ನು ಪುಟದ ಆ ಮೂಲೆಯ ಮೇಲಿಟ್ಟು, ಬರವಣಿಗೆ ಮುಗಿಯುವವರೆಗೆ ತೆಗೆಯದೆ ಇರುತ್ತಿದ್ದ ಬೆಳ್ಳಿಗಾಗಿ ಬಿಟ್ಟ ಜಾಗ ಅದು. 2013ರ ಜುಲೈ ತಿಂಗಳ ಪುಟದಲ್ಲಿ, ವಿದ್ಯುಚ್ಛಕ್ತಿಯ ಬಿಲ್ಲಿನ ಮೊತ್ತದ ಮೇಲೆ, ಕೆಸರಿನ ನಾಲ್ಕು ಬೆರಳುಗಳ ಗುರುತು ಇಂದಿಗೂ ಸ್ಪಷ್ಟವಾಗಿದೆ.

ಮರಿಯಾಗಿದ್ದಾಗ ಅವಳನ್ನು ತಂದವಳು ನನ್ನ ಮಗಳು. 2011ರ ಜೂನ್ ತಿಂಗಳಲ್ಲಿ, ಜಡಿಮಳೆಯ ಒಂದು ಸಂಜೆ, ಆರನೆಯ ತರಗತಿಯ ಆ ಹುಡುಗಿ ಪುಸ್ತಕಗಳನ್ನು ಎದೆಗವಚಿ ಹಿಡಿದುಕೊಂಡು, ಶಾಲೆಯ ಚೀಲದೊಳಗೆ ಮೋರಿಯ ಬದಿಯಲ್ಲಿ ಸಿಕ್ಕಿದ ಮರಿಯನ್ನಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಮೈಯೆಲ್ಲ ಬಿಳುಪು, ಎಡಗಿವಿಯೊಂದು ಮಾತ್ರ ಕಪ್ಪು. ಬೆಳ್ಳಿಯೆಂದು ಹೆಸರಿಟ್ಟವರು ನಮ್ಮ ತಾಯಿಯವರು. ಆ ತಿಂಗಳ ಪುಟದಲ್ಲಿ ಹಾಲು, ಹುಳುವಿನ ಔಷಧ, ಮೊದಲ ಲಸಿಕೆ ಎಲ್ಲ ಸೇರಿ 640 ರೂಪಾಯಿಗಳು ‘ಇತರೆ’ ಎಂಬ ಬಾಬತ್ತಿನಲ್ಲಿ ಬಿದ್ದಿವೆ. ಮರುವರ್ಷ ‘ನಾಯಿಯ ಖರ್ಚು’ ಎಂಬ ಪ್ರತ್ಯೇಕ ಬಾಬತ್ತು ಹುಟ್ಟಿದೆ. 2013ರ ಯುಗಾದಿಯ ಅನಂತರದ ಪುಟಗಳಲ್ಲಿ ‘ನಾಯಿ’ ಎಂಬ ಶಬ್ದವೇ ಇಲ್ಲ. ಮಗಳ ಶಾಲೆಯ ಶುಲ್ಕಕ್ಕೂ ತಾಯಿಯವರ ಔಷಧಕ್ಕೂ ನಡುವೆ, ನನ್ನ ಹೆಂಡತಿಯ ದುಂಡನೆಯ ಅಕ್ಷರಗಳಲ್ಲಿ, ‘ಬೆಳ್ಳಿ’ ಎಂದಷ್ಟೇ ಇದೆ. ಈ ಸ್ಥಾನಾಂತರವನ್ನು ನಾನು ಆ ದಿನ ಗಮನಿಸಿರಲಿಲ್ಲ. ವ್ಯಾಕರಣವು ನಾಯಿಯನ್ನು ನಪುಂಸಕಲಿಂಗದಲ್ಲಿ ಇಟ್ಟಿರುವುದನ್ನು ಬಲ್ಲೆನಾದರೂ, ನಮ್ಮ ಮನೆಯಲ್ಲಿ ಯಾರೂ ಅವಳನ್ನು ‘ಅದು’ ಎನ್ನಲಿಲ್ಲವಾದಕಾರಣ ಇಲ್ಲಿಯೂ ನಾನು ಮನೆಯ ರೂಢಿಯನ್ನೇ ಅನುಸರಿಸುತ್ತೇನೆ.

ಅವಳ ನಡೆವಳಿಕೆಗಳು ಬೇರೆ ಯಾವ ನಾಯಿಯಲ್ಲಿಯೂ ನಾನು ಕಾಣದಂಥವು. ಬಂದ ನೆಂಟರ ಪಾದರಕ್ಷೆಗಳಲ್ಲಿ ಬಲಗಾಲಿನದನ್ನು ಮಾತ್ರ ಆರಿಸಿ, ಹಲ್ಲಿನ ಗುರುತು ಕೂಡ ಬೀಳದಂತೆ ಕಚ್ಚಿಕೊಂಡು ಹೋಗಿ, ಹಿತ್ತಿಲಿನ ಒಗೆಯುವ ಕಲ್ಲಿನ ಹಿಂದೆ ಸಾಲಾಗಿ ಇಟ್ಟು, ಅವುಗಳ ಪಕ್ಕದಲ್ಲಿ ಕಾವಲು ಕುಳಿತಿರುವಳು. ಹೊರಟ ನೆಂಟರು ಹಿಂದಿರುಗಿ ಒಳಗೆ ಬಂದು ಇನ್ನೊಂದು ಲೋಟ ಕಾಫಿ ಕುಡಿಯುವವರೆಗೆ ಅವು ಅವಳ ವಶದಲ್ಲಿರುವುವು. ಇನ್ನೊಂದು, ಕುಕ್ಕರಿನ ವಿಚಾರ. ಮೊದಲನೆಯ ಕೂಗಿಗೆ ಕಿವಿ ನಿಮಿರುವುದು, ಎರಡನೆಯದಕ್ಕೆ ಅವಳು ಎದ್ದು ನಿಲ್ಲುವಳು, ಮೂರನೆಯದಕ್ಕೆ ಅಡುಗೆಮನೆಯ ಹೊಸ್ತಿಲಿಗೆ ಓಡಿಹೋಗಿ ಒಲೆ ಆರುವ ತನಕ ಬೊಗಳುವಳು. ತಾಯಿಯವರಿಗೆ ವಯಸ್ಸಾಗಿ ಕಿವಿ ಮಂದವಾದಂತೆಲ್ಲ ಈ ಲೆಕ್ಕವನ್ನು ಅವರು ಸಂಪೂರ್ಣವಾಗಿ ಅವಳಿಗೇ ಒಪ್ಪಿಸಿಬಿಟ್ಟಿದ್ದರು. “ಮೂರಾಯ್ತೇನೇ? ಬಂದೆ, ಬಂದೆ ಕಣೆ” ಎನ್ನುತ್ತ ಗೋಡೆ ಹಿಡಿದುಕೊಂಡು ಅವರು ಏಳುತ್ತಿದ್ದ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಹಣಕಾಸಿನ ಅಂಕಣದಲ್ಲಿ ಇದನ್ನೆಲ್ಲ ಬರೆಯಲು ಕಾರಣವುಂಟು. ಆ ಕಾರಣ 2016ರ ಆಗಸ್ಟ್ ತಿಂಗಳಿಗೆ ಸೇರಿದ್ದು, ಮತ್ತು ಅದನ್ನು ಹೇಳುವುದು ನನಗೆ ಸುಲಭವಲ್ಲ. ತಿಂಗಳ ಇಪ್ಪತ್ತಾರನೆಯ ತಾರೀಖು ಬೆಳ್ಳಿ ಅನ್ನ ಬಿಟ್ಟಳು, ಮೈ ಸುಡುತ್ತಿತ್ತು, ಒಸಡುಗಳು ಬಿಳಿಚಿಕೊಂಡಿದ್ದವು. ಮಗಳ ಶುಲ್ಕವನ್ನು ಕಟ್ಟಿ, ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುಂಗಡವನ್ನು ಕೊಟ್ಟು, ಕೈ ಬರಿದಾಗಿದ್ದ ಹೊತ್ತು ಅದು. ಒಂದನೆಯ ತಾರೀಖಿಗೆ ಸಂಬಳ ಬರುವುದಷ್ಟೆ, ಅಷ್ಟರಲ್ಲಿ ತಾನಾಗಿ ಇಳಿದೀತು ಎಂದು ನನಗೆ ನಾನೇ ಹೇಳಿಕೊಂಡು ನಾಲ್ಕು ದಿನ ತಡೆದೆನು. ಐದನೆಯ ದಿನ ಮೂಗಿನಿಂದ ರಕ್ತ ಬಂದಿತು. ಉಣ್ಣೆಹುಳುವಿನಿಂದ ಹರಡುವ ಜ್ವರವೆಂದು ಗೊತ್ತಾಯಿತು. ಆರೋಗ್ಯವಂತ ನಾಯಿಯಲ್ಲಿ ಸುಮಾರು ಎರಡು ಲಕ್ಷದಿಂದ ಐದು ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ಟುಗಳು ಅವಳಲ್ಲಿ 18,000ಕ್ಕೆ ಇಳಿದಿದ್ದವು. ಸಹೋದ್ಯೋಗಿಯೊಬ್ಬರಿಂದ ಕೈಗಡ ತಂದು, ಇಪ್ಪತ್ತೆಂಟು ದಿನಗಳ ಡಾಕ್ಸಿಸೈಕ್ಲಿನ್ ಮಾತ್ರೆ, ಡ್ರಿಪ್ಪು, ಮೇಲಿಂದ ಮೇಲೆ ರಕ್ತಪರೀಕ್ಷೆ ಎಂದು 14,000 ರೂಪಾಯಿಗಳನ್ನು ವ್ಯಯಿಸಿದ ಮೇಲೆ ಬೆಳ್ಳಿ ಬದುಕಿದಳು. ಮೊದಲನೆಯ ದಿನವೇ ಕರೆದೊಯ್ದಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತೇನೋ ಎಂದು ವೈದ್ಯರು ಸಹಜವಾಗಿ ಆಡಿದ ಮಾತು ನನ್ನ ಎದೆಯಲ್ಲಿ ನಾಟಿ ನಿಂತಿತು. ಖರ್ಚಾದ ಹಣಕ್ಕಾಗಿ ನಾನು ಒಂದು ದಿನವೂ ಮರುಗಲಿಲ್ಲ. ಬೇಕಾದ ಹೊತ್ತಿಗೆ ಹಣ ಸಿದ್ಧವಾಗಿರಲಿಲ್ಲವೆಂಬ ಕಾರಣಕ್ಕೆ ಆ ಮೂಕಪ್ರಾಣಿ ನಾಲ್ಕು ದಿನ ನರಳಬೇಕಾಯಿತಲ್ಲಾ ಎಂಬ ಮರುಕ ಮಾತ್ರ ಇಂದಿಗೂ ಹೋಗಿಲ್ಲ.

ಕೈಗಡ ತೀರಿದ ಮೇಲೆ, ಅದೇ ವರ್ಷದ ಅಕ್ಟೋಬರಿನಲ್ಲಿ, ಬಡಾವಣೆಯ ಅಂಚೆ ಕಚೇರಿಗೆ ಹೋಗಿ ಹೆಂಡತಿಯ ಹೆಸರಿನಲ್ಲಿ ಐದು ವರ್ಷಗಳ ಆರ್.ಡಿ. ಖಾತೆಯನ್ನು ತೆರೆದೆವು. ತಿಂಗಳಿಗೆ 500 ರೂಪಾಯಿ, ಅರುವತ್ತು ಕಂತು; ಆಗಿನ ಬಡ್ಡಿ ಶೇಕಡಾ 7.3. ನಾಯಿಯ ಹೆಸರಿನಲ್ಲಿ ಖಾತೆ ತೆರೆಯಲು ಬರುವುದಿಲ್ಲವಷ್ಟೆ. ಆದಕಾರಣ ಪಾಸ್‌ಬುಕ್ಕಿಗೆ ಹಾಕಿದ ಕಂದುಬಣ್ಣದ ಹೊದಿಕೆಯ ಮೇಲೆ ಮಗಳು ‘ಬೆಳ್ಳಿ’ ಎಂದು ಬರೆದು, ಪಕ್ಕದಲ್ಲಿ ಒಂದು ಕಪ್ಪು ಕಿವಿಯ ಚಿತ್ರವನ್ನು ಬಿಡಿಸಿದಳು. ಇಂದು ನೂರು ರೂಪಾಯಿಯಿಂದಲೂ ಈ ಖಾತೆಯನ್ನು ತೆರೆಯಬಹುದು. ವಿಮೆ ಮಾಡಿಸಬಾರದಾಗಿತ್ತೆ ಎಂದು ಕೇಳುವವರುಂಟು. ವಿಚಾರಿಸಿದ್ದೆನು, ಆದರೆ ವಿಚಾರಿಸಿದ್ದು ಅವಳಿಗೆ ಎಂಟು ತುಂಬಿದ ಮೇಲೆ. ನಾನು ನೋಡಿದ ಪಾಲಿಸಿಗಳಲ್ಲಿ ಹೊಸದಾಗಿ ಸೇರಲು ವಯಸ್ಸಿನ ಮಿತಿ ಮೀರಿತ್ತು, ಮೊದಲೇ ಇದ್ದ ಕಾಯಿಲೆಗೆ ಪರಿಹಾರವೂ ಇರಲಿಲ್ಲ. ವಿಮೆ ಬೇಕೆನ್ನುವವರು ಮರಿಯಿದ್ದಾಗಲೇ ಕಾಗದಪತ್ರಗಳನ್ನು ಓದತಕ್ಕದ್ದು. ಹಾಗೆಯೇ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿನಲ್ಲಿ ತಂದೆತಾಯಿಗಳಿಗೂ ಹೆಂಡತಿಮಕ್ಕಳಿಗೂ ಸಿಗುತ್ತಿದ್ದ ವಿನಾಯಿತಿಯಲ್ಲಿ ಸಾಕುಪ್ರಾಣಿಗೆ ಸ್ಥಾನವಿರಲಿಲ್ಲ. ಒಟ್ಟಿನಲ್ಲಿ ಅವಳಿಗೆ ಇದ್ದ ಆಸರೆ ನಾವೇ.

ಆ ಆರ್.ಡಿ. 2021ರ ಅಕ್ಟೋಬರಿನಲ್ಲಿ ಪಕ್ವವಾಗಿ 36,000ಕ್ಕೆ ಮಿಕ್ಕಿ ಕೈಗೆ ಬಂದಿತು. ಅದನ್ನು ಬೇರೆಯಾಗಿ ಇರಿಸಿ, ನವೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿಯಂತೆ ಎರಡನೆಯ ಖಾತೆಯನ್ನು ತೆರೆದೆವು. ಬಡ್ಡಿ ಆ ವೇಳೆಗೆ 5.8ಕ್ಕೆ ಇಳಿದಿತ್ತು. ಹತ್ತು ತಿಂಗಳಾಗುವಷ್ಟರಲ್ಲಿ, 2022ರ ಸೆಪ್ಟೆಂಬರಿನಲ್ಲಿ, ಬೆಳ್ಳಿ ನೀರಿನ ಬಟ್ಟಲನ್ನು ದಿನಕ್ಕೆ ಐದಾರು ಸಲ ಬರಿದು ಮಾಡಲಾರಂಭಿಸಿದಳು. ಈ ಸಲ ನಾನು ಒಂದು ದಿನವೂ ಕಾಯಲಿಲ್ಲ. ಕ್ರಿಯಾಟಿನಿನ್ 4.2, ಮೂತ್ರಪಿಂಡಗಳು ಬಹುಭಾಗ ಸೋತಿದ್ದವು.

ಮುಂದಿನ ಹದಿನಾರು ತಿಂಗಳು ನಮ್ಮ ನಡುಮನೆಯೇ ಅವಳ ಶುಶ್ರೂಷಾಗೃಹವಾಯಿತು. ದಿನ ಬಿಟ್ಟು ದಿನ, ರಿಂಗರ್ ಲ್ಯಾಕ್ಟೇಟಿನ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿ, ಕ್ಯಾಲೆಂಡರು ತೂಗುವ ಮೊಳೆಗೆ ಕಟ್ಟಿ, ಲೆಕ್ಕ ಬರೆಯುವ ಚಾಪೆಯ ಮೇಲೆಯೇ ಅವಳನ್ನು ಮಲಗಿಸಿ, ಹೆಗಲ ಹಿಂದಿನ ಚರ್ಮವನ್ನು ಎರಡು ಬೆರಳುಗಳಿಂದ ಎತ್ತಿ ಹಿಡಿದು ಸೂಜಿಯನ್ನು ಚುಚ್ಚುವುದು ನನ್ನ ಕೆಲಸ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಪ್ಪು ಕಿವಿಯನ್ನು ಸವರುತ್ತಿರುವುದು ನನ್ನ ಹೆಂಡತಿಯ ಕೆಲಸ. ದ್ರವವು ಚರ್ಮದಡಿಯಲ್ಲಿ ಒಂದು ಮೆತ್ತನೆಯ ಗಂಟಾಗಿ ನಿಂತು, ಅವಳು ಎದ್ದು ನಡೆದಾಗ ಮುಂಗಾಲಿನ ಕಡೆಗೆ ಜಾರಿ, ಬೆಳಗಾಗುವಷ್ಟರಲ್ಲಿ ಇಂಗಿಹೋಗಿರುತ್ತಿತ್ತು. ಅಂಗಡಿಯಲ್ಲಿ ಸಿಗುವ ಮೂತ್ರಪಿಂಡರೋಗದ ಸಿದ್ಧಾಹಾರ ನಮ್ಮ ಶಕ್ತಿಗೆ ಮೀರಿದುದೆಂದು ಸಂಕೋಚಪಡದೆ ವೈದ್ಯರಿಗೆ ತಿಳಿಸಿದೆವು. ಅವರು ಮೃದುವಾಗಿ ಬೆಂದ ಅನ್ನ, ಮೊಟ್ಟೆಯ ಬಿಳಿಯ ಭಾಗ, ಸ್ವಲ್ಪ ಸಿಹಿಗುಂಬಳ ಎಂದು ಅಳತೆಯೊಡನೆ ಬರೆದುಕೊಟ್ಟರು. ಕೈಯಲ್ಲಿ ಎಷ್ಟಿದೆಯೆಂಬುದನ್ನು ಪ್ರಾರಂಭದಲ್ಲೇ ವೈದ್ಯರ ಮುಂದೆ ಹೇಳಿಬಿಡುವುದರಿಂದ ಚಿಕಿತ್ಸೆಗೆ ಒಂದು ಕ್ರಮ ಬರುವುದೆಂಬುದು ನಾನು ಅನುಭವದಿಂದ ಕಂಡ ಮಾತು.

2023ರ ಡಿಸೆಂಬರಿನಲ್ಲಿ ಕೂಡಿಟ್ಟ ಹಣ ಮುಗಿಯಿತು. ಅಂಚೆಯ ಆರ್.ಡಿ.ಯನ್ನು ಮೂರು ವರ್ಷ ತುಂಬುವ ಮೊದಲು ಮುರಿಯಲಾಗದು. ಆದರೆ ಒಂದು ವರ್ಷ ಕಳೆದು ಹನ್ನೆರಡು ಕಂತುಗಳನ್ನು ಕಟ್ಟಿದವರಿಗೆ ಜಮೆಯಾದುದರಲ್ಲಿ ಅರ್ಧದವರೆಗೆ ಸಾಲ ದೊರೆಯುತ್ತದೆ, ಬಡ್ಡಿ ಖಾತೆಯ ದರಕ್ಕಿಂತ ಶೇಕಡಾ ಎರಡು ಹೆಚ್ಚು. ಹೀಗೆ 10,000 ರೂಪಾಯಿಗಳನ್ನು ತೆಗೆದೆವು. ದೂರದ ನಗರವೊಂದರಲ್ಲಿ ನಾಯಿಗಳಿಗೂ ಡಯಾಲಿಸಿಸ್ ಮಾಡುತ್ತಾರೆಂದು ಮಗಳು ತಿಳಿದುಕೊಂಡು ಬಂದ ರಾತ್ರಿ, ತಾಯಿಯವರು ತಮ್ಮ ಠೇವಣಿಯ ರಸೀತಿಯನ್ನು ಟ್ರಂಕಿನಿಂದ ತೆಗೆದು ತಂದು ನನ್ನ ಮುಂದಿಟ್ಟು, “ಇದನ್ನ ಮುರಿಸು ಮಗು” ಎಂದರು. ಥಟ್ಟನೆ ಬಿದ್ದ ಕಾಯಿಲೆಗಾದರೆ ಅದು ಉಪಕಾರಿ, ವರ್ಷಗಳಿಂದ ಸವೆದುಹೋದ ಮೂತ್ರಪಿಂಡಗಳನ್ನು ಅದು ಮರಳಿ ತರಲಾರದು, ಪ್ರಯಾಣದ ಆಯಾಸವೇ ಅವಳಿಗೆ ಹೆಚ್ಚಾದೀತು ಎಂದು ವೈದ್ಯರು ಬಿಚ್ಚಿ ಹೇಳಿದರು. ನಾವು ಬೇಡವೆಂದೆವು. ಹಾಗೆ ಬೇಡವೆಂದಾಗ ನಮ್ಮ ಮುಂದಿದ್ದುದು ‘ಇದರಿಂದ ಅವಳಿಗೆ ಸುಖವಾದೀತೆ’ ಎಂಬ ಪ್ರಶ್ನೆಯೊಂದೇ. ‘ನಮ್ಮಲ್ಲಿ ದುಡ್ಡಿದೆಯೆ’ ಎಂಬುದು ಆ ಪ್ರಶ್ನೆಯ ಅಡ್ಡ ಬಂದು ನಿಲ್ಲಲಿಲ್ಲ. ಏಳು ವರ್ಷ ತಿಂಗಳು ತಿಂಗಳೂ ಕಟ್ಟಿದ ಆ ಸಣ್ಣ ಕಂತುಗಳು ನಮಗೆ ಗಳಿಸಿಕೊಟ್ಟದ್ದು ಇದನ್ನೇ. 2016ರಲ್ಲಿ ಈ ನೆಮ್ಮದಿ ನನಗಿರಲಿಲ್ಲ.

2024ರ ಜನವರಿಯ ಚಳಿಯ ಒಂದು ಬೆಳಗಿನ ಜಾವ, ಹೆಂಡತಿಯ ಸೆರಗನ್ನು ಹೊದ್ದು, ಬೆಳ್ಳಿ ಕಣ್ಣು ಮುಚ್ಚಿದಳು. ಹಿತ್ತಿಲಿನಲ್ಲಿ, ಪಾರಿಜಾತದ ಕೆಳಗೆ, ಒಗೆಯುವ ಕಲ್ಲಿಗೆ ಸಮೀಪದಲ್ಲಿ ಅವಳನ್ನು ಮಣ್ಣು ಮಾಡಿದೆವು. ಆ ತಿಂಗಳ ಪುಟದಲ್ಲಿ, ಅವಳ ಬಾಬತ್ತಿನಲ್ಲಿ, ಕಲ್ಲುಪ್ಪು 5 ಕಿಲೋ, 100 ರೂಪಾಯಿ. ಗುಂಡಿ ತೋಡಿದವನಿಗೆ 500 ರೂಪಾಯಿ. ಸೇವಂತಿಗೆ ಎರಡು ಮಾರು, 120 ರೂಪಾಯಿ.

ತಿಂಗಳು ಕಳೆದ ಮೇಲೆ ಹನ್ನೆರಡೂವರೆ ವರ್ಷಗಳ ಬಾಬತ್ತನ್ನು ಕೂಡಿ ನೋಡಿದೆನು. ಸುಮಾರು 2,31,000 ರೂಪಾಯಿ. ಅದರಲ್ಲಿ 54,000, ಎಂದರೆ ಹೆಚ್ಚುಕಡಮೆ ಕಾಲುಭಾಗ, ಕೊನೆಯ ಹದಿನಾರು ತಿಂಗಳುಗಳದು. ಮರಿಯನ್ನು ಮನೆಗೆ ತರುವವರು ಲಸಿಕೆ, ಅನ್ನಹಾಲುಗಳ ಲೆಕ್ಕವನ್ನಷ್ಟೇ ಹಾಕುತ್ತಾರೆ. ಮುಪ್ಪಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ರೇಬೀಸಿನ ಲಸಿಕೆಯಾದರೋ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಸರಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ದೊರೆಯುವುದುಂಟು. ಭಾರ ಬೀಳುವುದು ಕಡೆಗಾಲದಲ್ಲಿ.

ಈ ಮೊತ್ತವನ್ನು ಕೇಳಿದ ಬಂಧುಗಳೊಬ್ಬರು, ಒಂದು ನಾಯಿಗೆ ಇಷ್ಟೊಂದೆ ಎಂದು ಹುಬ್ಬೇರಿಸಿದರು. ಅವರಿಗೆ ನಾನು ಉತ್ತರ ಕೊಡಲಿಲ್ಲ. ಆದರೆ ಮನಸ್ಸು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲಿನ ಕಡೆಗೆ ಹೋಯಿತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಆ ವೀರಗಲ್ಲು ಕಾಳಿಯೆಂಬ ನಾಯಿಯದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ತನ್ನ ಒಡೆಯನಾದ ಗಂಗರ ಬೂತುಗನಲ್ಲಿ ಬೇಡಿ ಪಡೆದದ್ದು ಆ ನಾಯಿಯನ್ನು. ಅದು ಹಂದಿಯೊಂದರೊಡನೆ ಹೋರಾಡಿ, ಎರಡೂ ಮಡಿದಾಗ, ಅವನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗಿನ ಭೂಮಿಯನ್ನು ಅದಕ್ಕೆ ದತ್ತಿಯಾಗಿ ಬಿಟ್ಟನು. ಕಲ್ಲನ್ನು ಪೂಜಿಸದೆ ಪೂಜಾರಿಯು ಉಣ್ಣಕೂಡದೆಂಬ ಕಟ್ಟಳೆಯನ್ನೂ ಅದರಲ್ಲಿ ಬರೆಯಿಸಿದನು. ಲೆಕ್ಕಿಗನ ಕಣ್ಣಿಗೆ ಇದರಲ್ಲಿ ಕಾಣುವುದು ಮುಖ್ಯವಾಗಿ ಆ ದತ್ತಿಯೇ. ಶೋಕವು ತಾನಾಗಿ ಹೆಚ್ಚುದಿನ ಬಾಳದೆಂದು ಬಲ್ಲವನಂತೆ, ಅವನು ಮೂಲಧನಕ್ಕೆ ಕೈಹಚ್ಚದೆ ವರ್ಷ ವರ್ಷದ ಉತ್ಪನ್ನದಿಂದ ನೆನಪು ನಡೆಯುವ ಏರ್ಪಾಡನ್ನು ಮಾಡಿಟ್ಟನಲ್ಲ! ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿನವನೊಬ್ಬನು ಹೀಗೆ ಯೋಚಿಸಿದ್ದನೆಂಬುದು ಆ ದಿನಗಳಲ್ಲಿ ನನಗೆ ದೊಡ್ಡ ಸಮಾಧಾನವನ್ನು ತಂದಿತು.

ಬೆಳ್ಳಿಯ ಖಾತೆಯ ಮೇಲಿನ ಸಾಲ ತೀರಿದ್ದು ಅವಳು ಹೋದ ಏಳನೆಯ ತಿಂಗಳು. ಅದೇ ವರ್ಷದ ನವೆಂಬರಿಗೆ ಮೂರು ವರ್ಷ ತುಂಬಿದಾಗ, ಬೇಕಾದರೆ ಈಗ ಮುಚ್ಚಬಹುದು, ಆದರೆ ಬಡ್ಡಿ ಉಳಿತಾಯ ಖಾತೆಯ ದರಕ್ಕೆ ಇಳಿಯುತ್ತದೆ ಎಂದು ಮನೆಯಲ್ಲಿ ಹೇಳಿದೆನು. ಯಾರೂ ಬಡ್ಡಿಯ ಮಾತೆತ್ತಲಿಲ್ಲ. “ಅವಳ ಪುಸ್ತಕ ಮುಚ್ಚಬೇಡ” ಎಂದರು ತಾಯಿಯವರು. ಅದರ ಅವಧಿ ಮುಗಿಯುವುದು 2026ರ ನವೆಂಬರಿನಲ್ಲಿ. ಆ ಹಣದಲ್ಲಿ ಬೀದಿಯ ಏಳು ನಾಯಿಗಳಿಗೂ ಲಸಿಕೆ, ಸಂತಾನಹರಣ ಚಿಕಿತ್ಸೆ ಆಗಬೇಕೆಂದು ಮಗಳು. ಪಾರಿಜಾತಕ್ಕೆ ಒಂದು ಕಟ್ಟೆ ಕಟ್ಟಿಸಬೇಕೆಂದು ತಾಯಿಯವರು. ಇನ್ನೂ ತೀರ್ಮಾನವಾಗಿಲ್ಲ. ಒಂದನೆಯ ತಾರೀಖಿನ ರಾತ್ರಿ ನಾನು ಚೀಟಿಗಳನ್ನು ಜೋಡಿಸಿಕೊಂಡು ಕೂಡುವ ಮೊದಲೇ ಹೆಂಡತಿ ಪುಸ್ತಕವನ್ನು ತೆರೆದು, ತಾಯಿಯವರ ಔಷಧದ ಮೇಲಿನ ಸಾಲಿನಲ್ಲಿ, ‘ಬೆಳ್ಳಿ, 1,000’ ಎಂದು ಬರೆದಿರುತ್ತಾಳೆ.