ಕ್ಷಿಪಣಿ ಹಾರಿದ ಸಂಜೆ ತೈಲದ ಬೆಲೆ ಇಳಿದದ್ದೇಕೆ? ಕತಾರ್‌ನಲ್ಲಿ ದುಡಿಯುವವರ ಹಣಕ್ಕೆ ಒಂದು ಪಾಠ



2025ರ ಜೂನ್ 23, ಸೋಮವಾರ. ಸಂಜೆ ಆರೂಮುಕ್ಕಾಲರ ಹೊತ್ತಿಗೆ ಕತಾರ್ ತನ್ನ ವಾಯುಮಾರ್ಗ ಮುಚ್ಚಿತು. ಏಳೂವರೆ ಸುಮಾರಿಗೆ ದೋಹಾದ ನಮ್ಮ ಫ್ಲ್ಯಾಟಿನ ಕಿಟಕಿಗಳು ಅದುರಿದವು. ಇರಾನ್ ಹಾರಿಸಿದ ಕ್ಷಿಪಣಿಗಳನ್ನು ಅಲ್ ಉದೈದ್ ವಾಯುನೆಲೆಯ ಕಡೆ ಆಕಾಶದಲ್ಲೇ ಹೊಡೆದುರುಳಿಸುತ್ತಿದ್ದರು. ಮಕ್ಕಳನ್ನು ಒಳಗಿನ ಕೋಣೆಗೆ ಕಳಿಸುತ್ತಿದ್ದಾಗಲೇ ಅಲ್ ಖೋರ್‌ನಿಂದ ಹೆಂಡತಿಯ ತಮ್ಮನ ಫೋನ್ ಬಂತು. "ಭಾವ, ನಾವು ಸೇಫ್. ಆದ್ರೆ ನಾಳೆ ಬೆಳಿಗ್ಗೆ ಫಂಡ್ ಎಲ್ಲ ಮಾರಿಬಿಡ್ಲಾ?"

ಅವನ ಹತ್ತಿರ ಈಕ್ವಿಟಿ ಮ್ಯೂಚುವಲ್ ಫಂಡ್‌ಗಳಲ್ಲಿ 11 ಲಕ್ಷ ರೂಪಾಯಿ ಇತ್ತು, ಒಂಬತ್ತು ವರ್ಷದ ಎಸ್ಐಪಿ. ಮಗಳು ಆ ವರ್ಷ ಎಂಜಿನಿಯರಿಂಗ್ ಸೇರುವವಳು. "ಒಂದು ಗಂಟೆ ತಡಿ ಮಾರಾಯ" ಎಂದು ಹೇಳಿ ತೈಲದ ಬೆಲೆ ನೋಡಿದೆ. ಆಪ್ ಕೆಟ್ಟಿದೆ ಎಂದೇ ಅನ್ನಿಸಿತು. ಕೊಲ್ಲಿಯ ಮೇಲೆ ಕ್ಷಿಪಣಿ ಹಾರುತ್ತಿದೆ, ಬ್ರೆಂಟ್ ಇಳಿಯುತ್ತಿದೆ!

ಅಂದು ಬೆಳಿಗ್ಗೆ ಏಷ್ಯಾದ ವಹಿವಾಟಿನಲ್ಲಿ 81 ಡಾಲರ್ ದಾಟಿದ್ದ ಬ್ರೆಂಟ್ ರಾತ್ರಿ 71.48ಕ್ಕೆ ಮುಗಿಯಿತು. ಹಿಂದಿನ ಮುಕ್ತಾಯಕ್ಕೆ ಹೋಲಿಸಿದರೆ 7% ಕುಸಿತ. ಮರುದಿನ ಕದನ ವಿರಾಮದ ಸುದ್ದಿ ಬಂದ ಮೇಲೆ 67ರ ಆಸುಪಾಸಿಗೆ ಬಂತು. ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಶುರುಮಾಡುವ ಮೊದಲು ಇದ್ದದ್ದಕ್ಕಿಂತ ಕಡಿಮೆ!

ಯಾಕೆ ಹೀಗೆ? ಭಯದ ಬೆಲೆ ಅದಾಗಲೇ ಸೇರಿಹೋಗಿತ್ತು. ಯುದ್ಧಕ್ಕೆ ಮೊದಲು ಸೈನ್ಯದ ಜಮಾವಣೆ ನಡೆಯುತ್ತದೆ, ಅದನ್ನು ಬಚ್ಚಿಡಲು ಆಗುವುದಿಲ್ಲ. ಜೂನ್ 5ರ ಉಪಗ್ರಹ ಚಿತ್ರದಲ್ಲಿ ಅಲ್ ಉದೈದ್‌ನ ಬಯಲಲ್ಲಿ ಸುಮಾರು 40 ವಿಮಾನಗಳಿದ್ದವು. 19ರ ಚಿತ್ರದಲ್ಲಿ ಕಂಡದ್ದು ಮೂರೇ. ಪೆಟ್ಟು ಬೀಳಬಹುದೆಂದು ಅಮೆರಿಕ ಮೊದಲೇ ಜಾಗ ಖಾಲಿ ಮಾಡಿತ್ತು. 22ರಂದು ಅಮೆರಿಕ ಫೋರ್ಡೊ, ನತಾಂಜ್, ಇಸ್ಫಹಾನ್ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದಾಗ ಪೇಟೆಗೆ ಉಳಿದದ್ದು ಒಂದೇ ಪ್ರಶ್ನೆ: ಇರಾನ್ ಹಾರ್ಮುಜ್ ಜಲಸಂಧಿ ಮುಚ್ಚುತ್ತದೋ ಇಲ್ಲವೋ? ಜಗತ್ತು ಬಳಸುವ ತೈಲದ ಸುಮಾರು ಐದರಲ್ಲೊಂದು ಭಾಗ ಆಗ ಆ ದಾರಿಯಲ್ಲೇ ಹೋಗುತ್ತಿತ್ತು. ಕತಾರ್‌ನ ಎಲ್‌ಎನ್‌ಜಿ ಹಡಗುಗಳಿಗೂ ಬೇರೆ ದಾರಿಯಿಲ್ಲ. ಮೊದಲೇ ತಿಳಿಸಿ, ಖಾಲಿಯಾಗಿದ್ದ ನೆಲೆಯ ಮೇಲೆ ದಾಳಿ ನಡೆದಾಗ ಪೇಟೆ ಅದನ್ನು ಓದಿದ ರೀತಿ ಹೀಗೆ: ಇರಾನ್ ಉತ್ತರ ಕೊಟ್ಟಿತು, ತೈಲದ ದಾರಿಯನ್ನು ಮುಟ್ಟಲಿಲ್ಲ.

ಇದು ಹೊಸತೇನಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಅಲ್ಲಿಂದ ಐದೂವರೆ ತಿಂಗಳು ಸೌದಿಯಲ್ಲಿ ಸೈನ್ಯ ಜಮಾ ಆಗುತ್ತಲೇ ಇತ್ತು, ತೈಲ 40 ಡಾಲರ್‌ವರೆಗೂ ಏರಿತು. 1991ರ ಜನವರಿ 17ರಂದು ಬಾಗ್ದಾದಿನ ಮೇಲೆ ಬಾಂಬ್ ಬೀಳತೊಡಗಿದಾಗ ಅಮೆರಿಕದ ಕಚ್ಚಾ ತೈಲ ಒಂದೇ ದಿನದಲ್ಲಿ 32 ಡಾಲರ್‌ನಿಂದ 21.44ಕ್ಕೆ ಇಳಿಯಿತು. ಯುದ್ಧ ಎಂದು ಹಿಂದಿನ ದಿನದ ಮುಕ್ತಾಯ ಬೆಲೆಗೆ ತೈಲ ಕೊಂಡವನ ಹಣದಲ್ಲಿ ಮೂರರಲ್ಲೊಂದು ಪಾಲು ಅಂದು ಸಂಜೆಗೆ ಇರಲಿಲ್ಲ.

ನಮ್ಮ ಸೆನ್ಸೆಕ್ಸ್ ಕಥೆಯೂ ಅದೇ. ರಷ್ಯಾ ಉಕ್ರೇನಿಗೆ ನುಗ್ಗಿದ 2022ರ ಫೆಬ್ರವರಿ 24ರಂದು 2,702 ಅಂಕ ಬಿತ್ತು, ಮರುದಿನವೇ 1,328 ಅಂಕ ಎದ್ದಿತು. 2025ರ ಜೂನ್ 23ರಂದು 511 ಅಂಕ ಇಳಿದು, 24ರಂದು 158 ಅಂಕ ಏರಿತು. ಚಿನ್ನ ಕೂಡ 13ರಂದು ಔನ್ಸ್‌ಗೆ 3,400 ಡಾಲರ್ ಮೇಲಿತ್ತು, 24ಕ್ಕೆ 3,330ರ ಸುಮಾರಿಗೆ ಬಂದಿತ್ತು. ಗೋಲ್ಡ್ ಸೂಕ್‌ಗೆ ಓಡಿದವರು ಬೇಸರಿಸಬೇಡಿ, ಮಗಳ ಮದುವೆಗೆ ಹೇಗೂ ಬೇಕು.

ಹಾಗಾದರೆ ಯುದ್ಧ ಬಂದಾಗ ಸುಮ್ಮನೆ ಕೂತರಾಯಿತೇ? ಇಲ್ಲ. ಇಲ್ಲಿಯವರೆಗೆ ಹೇಳಿದ್ದು ಬೆಲೆಯ ಅಪಾಯ. ಇನ್ನೊಂದು ಅಪಾಯವಿದೆ, ನನಗೆ ಹೆದರಿಕೆ ಅದರದ್ದೇ: ಬಾಗಿಲು ಮುಚ್ಚುವ ಅಪಾಯ.

ರಷ್ಯಾವನ್ನೇ ನೋಡಿ. 2022ರ ಫೆಬ್ರವರಿ 27ರಂದು ಪುಟಿನ್ ಅಣ್ವಸ್ತ್ರ ಪಡೆಗಳನ್ನು ವಿಶೇಷ ಸನ್ನದ್ಧ ಸ್ಥಿತಿಗೆ ತಂದರು. ಮರುದಿನ ಮಾಸ್ಕೋ ಷೇರುಪೇಟೆ ತೆರೆಯಲೇ ಇಲ್ಲ. ಸೀಮಿತವಾಗಿ ತೆರೆದದ್ದು ಮಾರ್ಚ್ 24ಕ್ಕೆ, ಅದೂ ವಿದೇಶಿಯರಿಗೆ ಮಾರುವ ಅವಕಾಶ ಇಲ್ಲದೆ. ಅವರ ಷೇರು ಖಾತೆಯಲ್ಲಿ ಕಾಣುತ್ತಿತ್ತು, ಹಣ ಕೈಗೆ ಬರುವಂತಿರಲಿಲ್ಲ. ಅದೇ ಸೆಪ್ಟೆಂಬರ್ 21ರಂದು 3 ಲಕ್ಷ ಮೀಸಲು ಸೈನಿಕರನ್ನು ಕರೆಸುವ ಘೋಷಣೆಯಾಯಿತು. ಸುಳಿವು ಸಿಕ್ಕಿದ ಹಿಂದಿನ ದಿನವೇ ಮಾಸ್ಕೋ ಸೂಚ್ಯಂಕ 8%ಗೂ ಹೆಚ್ಚು ಬಿದ್ದಿತ್ತು. ನೀವು ಇರುವ ದೇಶವೇ ಯುದ್ಧದಲ್ಲಿದ್ದರೆ 'ಬಿದ್ದಾಗ ಕೊಳ್ಳಿ' ಎಂಬ ಸೂತ್ರ ನಡೆಯುವುದಿಲ್ಲ.

ನಮ್ಮ ಕರಾವಳಿಯ ಮನೆಗಳಿಗೆ ಇದರ ನೆನಪು ಕುವೈತಿನದ್ದು. ನನ್ನ ಚಿಕ್ಕಪ್ಪ ಅಲ್ಲಿ ಹದಿಮೂರು ವರ್ಷ ದುಡಿದಿದ್ದರು. ಬಸ್ಸಿನಲ್ಲಿ ಬಾಗ್ದಾದ್ ಮೂಲಕ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಇಳಿದಾಗ ಅವರ ಕೈಯಲ್ಲಿದ್ದದ್ದು ಒಂದು ಚೀಲ. ಹಾಗೆ ಬಂದ ಭಾರತೀಯರು 1.7 ಲಕ್ಷಕ್ಕೂ ಹೆಚ್ಚು. ಒಂದು ಕಾಲಕ್ಕೆ ಮೂರು ಡಾಲರ್‌ಗೂ ಹೆಚ್ಚು ಬೆಲೆಯಿದ್ದ ಕುವೈತಿ ದಿನಾರನ್ನು ಇರಾಕ್ ತನ್ನ ದಿನಾರಿಗೆ ಸಮ ಎಂದು ಘೋಷಿಸಿ, ಆಮೇಲೆ ಚಲಾವಣೆಯಿಂದಲೇ ತೆಗೆಯಿತು. ಸಂಬಳದ ಬಾಕಿ, ಗ್ರಾಚ್ಯುಯಿಟಿ, ಬ್ಯಾಂಕಿನ ಹಣ ಎಲ್ಲವೂ ಅಲ್ಲೇ. ವಿಶ್ವಸಂಸ್ಥೆಯ ಪರಿಹಾರ ಆಯೋಗದಿಂದ ಹಣ ಬರಲು ವರ್ಷಗಳೇ ಹಿಡಿದವು. ಚಿಕ್ಕಪ್ಪನನ್ನು ಆ ವರ್ಷಗಳಲ್ಲಿ ಉಳಿಸಿದ್ದು ಊರಿನ ಬ್ಯಾಂಕಿನಲ್ಲಿ ಚಿಕ್ಕಮ್ಮ ಮಾಡಿಸಿದ್ದ ಒಂದು ಸಣ್ಣ ಎಫ್‌ಡಿ. ಅದಕ್ಕೆ ಬಡ್ಡಿ ಕಡಿಮೆ ಎಂದು ಅವರು ಮೊದಲು ಜಗಳ ಮಾಡಿದ್ದರಂತೆ!

ಕತಾರ್ ಕುವೈತ್ ಅಲ್ಲ, ನಿಜ. 2017ರ ಜೂನ್ 5ರಂದು ನೆರೆಯವರು ದಿಗ್ಬಂಧನ ಹಾಕಿದಾಗ ಇಲ್ಲಿನ ಷೇರುಪೇಟೆ ಒಂದೇ ದಿನ 7% ಬಿದ್ದಿತು. ಆದರೂ ಬ್ಯಾಂಕುಗಳು ನಡೆದವು. ಡಾಲರಿಗೆ 3.64 ರಿಯಾಲ್ ಎಂಬ 2001ರಿಂದಿರುವ ದರ ಅಲುಗಲಿಲ್ಲ.

ಆದರೆ ಈ ಸಲ ಜೊತೆಗೆ ಅಣು ಇದೆ. ಇರಾನಿನ ಬುಶೆಹರ್ ಅಣು ವಿದ್ಯುತ್ ಸ್ಥಾವರ ಇದೇ ಕೊಲ್ಲಿಯ ದಂಡೆಯಲ್ಲಿದೆ, ದೋಹಾದಿಂದ ಸುಮಾರು 400 ಕಿ.ಮೀ. ಅದಕ್ಕೆ ಪೆಟ್ಟು ಬಿದ್ದು ಕೊಲ್ಲಿಯ ನೀರು ಕೆಟ್ಟರೆ ಮೂರು ದಿನದಲ್ಲಿ ಕುಡಿಯುವ ನೀರು ಮುಗಿಯುತ್ತದೆ ಎಂದು ಹಿಂದೊಮ್ಮೆ ಲೆಕ್ಕ ಹಾಕಿದ್ದೆವು ಎಂದು ಕತಾರ್ ಪ್ರಧಾನಿಯೇ 2025ರ ಮಾರ್ಚ್‌ನಲ್ಲಿ ಸಂದರ್ಶನದಲ್ಲಿ ಹೇಳಿದ್ದರು. ಆ ಲೆಕ್ಕದ ನಂತರವೇ ದೊಡ್ಡ ಜಲಾಗಾರಗಳನ್ನು ಕಟ್ಟಿದ್ದು. ಜೂನ್ 19ರಂದು ಇಸ್ರೇಲ್ ಸೇನಾ ವಕ್ತಾರರು ಬುಶೆಹರ್‌ಗೂ ಹೊಡೆದಿದ್ದೇವೆ ಎಂದು ಹೇಳಿ, ಆಮೇಲೆ ಅದು ತಪ್ಪು ಹೇಳಿಕೆ ಎಂದರು. ಆ ನಡುವಿನ ಹೊತ್ತಿನಲ್ಲಿ ನಾನೂ ಲುಲುವಿನಿಂದ ನೀರಿನ ಕ್ಯಾನು ಹೊತ್ತು ತಂದೆ. ಇಂಥ ಅಪಾಯಕ್ಕೆ ಯಾವ ಪೇಟೆಯೂ ಬೆಲೆ ಕಟ್ಟುವುದಿಲ್ಲ. ಅದು ಆಗದಿದ್ದರೆ ಸೊನ್ನೆ, ಆದರೆ ಲೆಕ್ಕಕ್ಕೇ ಸಿಗದು.

ಈಗ ಒಬ್ಬ ಸಾಮಾನ್ಯ ನೌಕರನ ಲೆಕ್ಕ ತೆಗೆಯೋಣ. ಮೂಲ ವೇತನ 4,000 ರಿಯಾಲ್, 12 ವರ್ಷ ಸೇವೆ. ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ಗ್ರಾಚ್ಯುಯಿಟಿ. 2,800 ಗುಣಿಸು 12, ಅಂದರೆ 33,600 ರಿಯಾಲ್, 2025ರ ಜೂನ್ ದರದಲ್ಲಿ ಸುಮಾರು 8 ಲಕ್ಷ ರೂಪಾಯಿ. ಇದನ್ನು ಮಾರಲು ಬರುವುದಿಲ್ಲ, ಕಂಪನಿಯ ಪುಸ್ತಕದಲ್ಲಿದೆ. ಸಂಬಳವೂ ಇಲ್ಲೇ, ಮನೆಯೂ ಇಲ್ಲೇ. ಇಷ್ಟೆಲ್ಲ ಒಂದೇ ಊರಿನಲ್ಲಿರುವಾಗ ತುರ್ತು ನಿಧಿಯನ್ನೂ ಇಲ್ಲಿನ ಖಾತೆಯಲ್ಲೇ ಇಟ್ಟರೆ ಅದು ತುರ್ತಿಗೆ ಆಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಒಂದು ತಿಂಗಳ ಖರ್ಚು ಇಲ್ಲಿ ಸಾಕು, ಕುಟುಂಬದ ಟಿಕೆಟ್ ಹಣ ಸೇರಿಸಿ. ಆರು ತಿಂಗಳ ಖರ್ಚು ಊರಿನ ಎನ್‌ಆರ್‌ಇ ಖಾತೆಯಲ್ಲಿ. ಖಾತೆಗೆ ಮ್ಯಾಂಡೇಟ್ ಕೊಟ್ಟಿದ್ದರೆ, ನಾವು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದರೂ ಊರಲ್ಲಿರುವವರು ಹಣ ತೆಗೆಯಬಹುದು. ಡಾಲರ್ ಬಿಡಲು ಮನಸ್ಸಿಲ್ಲದವರಿಗೆ ಎಫ್‌ಸಿಎನ್‌ಆರ್ ಠೇವಣಿ ಇದೆ, ಆದರೆ ವರ್ಷದೊಳಗೆ ಮುರಿದರೆ ಬಡ್ಡಿ ಸಿಗದು. ಎಕ್ಸ್‌ಚೇಂಜ್ ರೇಟ್‌ಗಾಗಿ ಕಾಯುವ ಚಟವೂ ಬೇಡ. 23ರಂದು ಡಾಲರಿಗೆ 86.75ರ ಸುಮಾರಿದ್ದ ರೂಪಾಯಿ ಮರುದಿನ 70 ಪೈಸೆಗೂ ಹೆಚ್ಚು ಬಲಗೊಂಡಿತು. 10,000 ರಿಯಾಲಿಗೆ ಹೆಚ್ಚುಕಡಿಮೆ 1,900 ರೂಪಾಯಿ ವ್ಯತ್ಯಾಸ. ಅದಕ್ಕಾಗಿ ಮೂರು ತಿಂಗಳ ಉಳಿತಾಯವನ್ನು ಇಲ್ಲಿ ಕಟ್ಟಿಟ್ಟವರನ್ನು ಬಲ್ಲೆ.

ಭಾವಮೈದನಿಗೆ ಅಂದು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ. ಫಂಡ್ ಮಾರಬೇಡ ಎಂದು ಪೂರ್ತಿ ಹೇಳಲಿಲ್ಲ. ಜುಲೈ ಕೊನೆಗೆ ಕಾಲೇಜಿಗೆ ಕಟ್ಟಬೇಕಾದ ಎರಡೂವರೆ ಲಕ್ಷ ಈಕ್ವಿಟಿಯಲ್ಲಿ ಇರಬಾರದಿತ್ತು, ಯುದ್ಧ ಇರಲಿ ಬಿಡಲಿ. ಅಷ್ಟನ್ನು ಮರುದಿನ ಮಧ್ಯಾಹ್ನ ಮೂರರೊಳಗೆ ತೆಗೆಯಲು ಹೇಳಿದೆ, ಆ ದಿನದ ಎನ್‌ಎವಿ ಸಿಗಲಿ ಎಂದು. ಉಳಿದ ಎಂಟೂವರೆ ಲಕ್ಷ ಹಾಗೇ ಇದೆ. ಎಸ್ಐಪಿಯೂ ನಡೆಯುತ್ತಿದೆ.

ಇದನ್ನು ಬರೆದದ್ದು 2025ರ ಜುಲೈ ಮೊದಲ ವಾರ. ಆಗ ಕದನ ವಿರಾಮ ಇತ್ತು. ಆದರೆ ಜುಲೈ 2ರಂದು ಇರಾನ್ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಜೊತೆಗಿನ ಸಹಕಾರ ನಿಲ್ಲಿಸಿತ್ತು. ಅದರ ಬಳಿ ಇದ್ದ, 60% ಸಂವರ್ಧಿತ 400 ಕಿಲೋಗೂ ಹೆಚ್ಚಿನ ಯುರೇನಿಯಂ ಆಗ ಪರಿವೀಕ್ಷಕರ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಶುಕ್ರವಾರ ಭಾವಮೈದ ಮನೆಗೆ ಬಂದಿದ್ದ. ನೀರಿನ ಕ್ಯಾನುಗಳನ್ನು ನೋಡಿ ನಕ್ಕ. ಆಮೇಲೆ ಮ್ಯಾಂಡೇಟ್ ಫಾರ್ಮ್ ತೆಗೆದು, ಹೆಂಡತಿಯ ಸಹಿ ಎಲ್ಲಿ ಹಾಕಿಸಬೇಕು ಎಂದು ಕೇಳಿದ.